ಬಟ್ಟಲಲ್ಲಿ ಉಳಿದ ನೀರು

ಜಿಗಣಿಯಾಚೆಗಿನ ಒಂದು ಹಳ್ಳಿಯ ಕ್ರೈಸ್ತರ ಸ್ಮಶಾನಕ್ಕೆ ಪ್ರತಿ ವರ್ಷ ನವೆಂಬರ್ ಎರಡರ ಬೆಳಿಗ್ಗೆ ಹಣೆಯಲ್ಲಿ ಕುಂಕುಮವಿಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬರುತ್ತಿದ್ದಳು. ತೀರಿಕೊಂಡವರೆಲ್ಲರನ್ನೂ ನೆನೆಯುವ ದಿನವದು. ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂ ಹರಡಿ, ಮೇಣದ ಬತ್ತಿ ಹಚ್ಚುತ್ತಿದ್ದ ಜನ ಅವಳನ್ನು ಕಂಡೊಡನೆ ಸರಿದು ದಾರಿ ಬಿಡುತ್ತಿದ್ದರು. ಮೂಲೆಯಲ್ಲಿದ್ದ ಒಂದು ಪುಟ್ಟ ಸಮಾಧಿಗೆ ಮೊದಲ ಬತ್ತಿಯನ್ನು ಅವಳೇ ಹಚ್ಚಬೇಕೆಂಬುದು ಅಲ್ಲಿ ಮಲಗಿದ್ದ ಮಗುವಿನ ಮನೆಯವರ ರೂಢಿ. ನಲವತ್ತು ನಿಮಿಷ ಮಾತ್ರ ಬದುಕಿದ್ದ ತೆರೇಸಾ ಎಂಬ ಹಸುಗೂಸಿಗೆ, ತಲೆಗೆ ನೀರೆರೆದು ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಕೊಟ್ಟವಳು ಅವಳೇ ಎಂದು ಎಲ್ಲರೂ ನಂಬಿದ್ದರು.

ಅವಳು ಕೊಟ್ಟಿರಲಿಲ್ಲ. ಅದು ಗೊತ್ತಿದ್ದವಳು ಅವಳೊಬ್ಬಳೇ.

ಅವಳ ಹೆಸರು ಪಂಕಜಾ. ಹುಟ್ಟಿ ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ತಂದೆ ಪಟ್ಟಾಭಿರಾಮ ಅಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಅಳತೆ ನೋಡದೆ ಒಂದು ಬಿಡಿಭಾಗಕ್ಕೂ ಸೀಲ್ ಒತ್ತಿದವರಲ್ಲ. ಹಾಲು ಉಕ್ಕಿತೇ ಎಂದು ಕೇಳಿದಾಗ ಎದ್ದು ಹೋಗಿ ನೋಡದೆ ‘ಇಲ್ಲ’ ಎಂದರೆ ಆ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಪಂಕಜಾ ನರ್ಸಿಂಗ್ ಓದುತ್ತೇನೆಂದಾಗ ನೆಂಟರೆಲ್ಲ ಮೂಗು ಮುರಿದರು. ತಂದೆ ಮಾತ್ರ, “ಓದಲಿ ಬಿಡಿ. ಟೆಂಪರೇಚರ್ ನೋಡ್ದೆ ಚಾರ್ಟ್ ತುಂಬೋಳಲ್ಲ ನನ್ನ ಮಗಳು” ಎಂದಿದ್ದರು. ಆ ಮಾತು ಮುಂದೆ ಅವಳಿಗೆ ಬೇರೆ ಬೇರೆ ಹೊತ್ತಿನಲ್ಲಿ ನೆನಪಾಗುತ್ತಿತ್ತು, ಒಮ್ಮೆಯೂ ಹಿತವಾಗಿರಲಿಲ್ಲ.

ಮದುವೆಯಾಗಿ ನಾಗಸಂದ್ರಕ್ಕೆ ಬಂದ ಮೇಲೆ ತುಮಕೂರು ರಸ್ತೆಯ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಿಭಾಗದಲ್ಲಿ ಅವಳು ಕೆಲಸಕ್ಕೆ ಸೇರಿದಳು. 2013ರ ಜುಲೈ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ, ಪೀಣ್ಯದ ಗಾರ್ಮೆಂಟ್ಸ್ ಒಂದರ ವ್ಯಾನು ಸಹಾಯಮೇರಿ ಎಂಬ ಇಪ್ಪತ್ತಮೂರರ ಹುಡುಗಿಯನ್ನು ಬಾಗಿಲಲ್ಲಿ ಇಳಿಸಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗಲೇ ರಕ್ತ ಹರಿಯತೊಡಗಿತ್ತು. ಬಸುರಿಗೆ ಆರು ತಿಂಗಳು ತುಂಬಿ ಸ್ವಲ್ಪ ದಿನವಾಗಿತ್ತಷ್ಟೆ. ಗಂಡ ಚೌರಪ್ಪ ವೆಲ್ಡಿಂಗ್ ಶಾಪಿನಿಂದ ಇನ್ನೂ ಬಂದು ತಲುಪಿರಲಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸಹಾಯಮೇರಿ ಪಂಕಜಾಳ ಮಣಿಕಟ್ಟು ಹಿಡಿದುಕೊಂಡಳು.

“ಸಿಸ್ಟರ್, ಮಗು ಉಳಿಯಲ್ಲ ಅನ್ಸಿದ್ರೆ ನೀವೇ ಜ್ಞಾನಸ್ನಾನ ಕೊಟ್ಬಿಡಿ. ಫಾದರ್ ಬರೋಷ್ಟು ಹೊತ್ತಿರಲ್ಲ.”

“ನಾನಾ? ನಾನು ನಿಮ್ಮೋಳಲ್ಲ ಕಣಮ್ಮ.”

“ಯಾರಾದ್ರೂ ಕೊಡ್ಬೋದು ಸಿಸ್ಟರ್. ಜೀವ ಹೋಗೋ ಹೊತ್ತಲ್ಲಿ ಯಾರಾದ್ರೂ ಸರಿ. ತಲೆ ಮೇಲೆ ನೀರು ಹಾಕಿ. ಹೆಸರು ತೆರೇಸಾ. ಗಂಡಾದ್ರೆ ಜೋಸೆಫ್. ಹೇಳ್ಕೊಡ್ತೀನಿ, ಹೇಳಿ: ತೆರೇಸಾ, ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.”

ಪಂಕಜಾ ಎರಡು ಸಲ ಹೇಳಿ ಒಪ್ಪಿಸಿದಳು. ಸಹಾಯಮೇರಿ ಕೈ ಬಿಟ್ಟಳು.

ಮಗು ಹೆಣ್ಣಾಗಿತ್ತು. ಅರ್ಧ ಗಂಟೆ ಹೆಣಗಾಡಿದ ವೈದ್ಯರು, ಇನ್ನು ಮಾಡುವುದೇನೂ ಉಳಿದಿಲ್ಲವೆಂದು ತಾಯಿಯ ಕಡೆ ತಿರುಗಿದರು. ಬೆಚ್ಚಗಿಡುವ ದೀಪದ ಕೆಳಗೆ ಅಂಗೈಯಗಲದ ಆ ಜೀವ ಆಗೊಮ್ಮೆ ಈಗೊಮ್ಮೆ ಉಸಿರೆಳೆಯುತ್ತಿತ್ತು. ಪಂಕಜಾ ಕಾಯಿಸಿ ಆರಿಸಿದ್ದ ನೀರನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಬಗ್ಗಿಸಿದಳು. ತಣ್ಣಗಿರಬಾರದೆಂದು ಅದಕ್ಕೆ ಒಂದಿಷ್ಟು ಬಿಸಿನೀರು ಬೆರೆಸಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿಕೊಂಡಳು. ಬಟ್ಟಲು ಹಿಡಿದು ಮಗುವಿನ ಬಳಿಗೆ ಬಂದಾಗ ಪಕ್ಕದಲ್ಲೇ ಜೂನಿಯರ್ ಡಾಕ್ಟರ್ ಶ್ರೀಕರ್ ಕೇಸ್ ಶೀಟ್ ಬರೆಯುತ್ತ ನಿಂತಿದ್ದ.

“ಏನ್ ಸಿಸ್ಟರ್, ಯಾವಾಗಿಂದ ಪಾದ್ರಿ ಆದ್ರಿ?”

ಅವನೇನೂ ಕೆಟ್ಟವನಲ್ಲ. ಬೆಳಗಿನಿಂದ ನಿಂತೇ ಇದ್ದ ಹುಡುಗ, ಬಾಯಿಗೆ ಬಂದದ್ದನ್ನು ಹೇಳಿದ. ಆಯಾ ಭದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪಂಕಜಾಳ ಮುಖಕ್ಕೆ ರಕ್ತ ನುಗ್ಗಿತು. ನಾಲಿಗೆಯ ತುದಿಯಲ್ಲಿದ್ದ ಆ ಹೆಸರುಗಳು ಇದ್ದಕ್ಕಿದ್ದಂತೆ ಬೇರೆಯವರ ಮನೆಯ ಒಡವೆಯಂತೆ ಅನ್ನಿಸಿದವು. ಇವನು ಹೋಗಲಿ, ಆಮೇಲೆ ಮಾಡೋಣ ಎಂದುಕೊಂಡು ಬಟ್ಟಲನ್ನು ಮಗು ತೂಗುವ ತಕ್ಕಡಿಯ ಪಕ್ಕದಲ್ಲಿಟ್ಟಳು.

ಅವನು ನಿಧಾನವಾಗಿ ಬರೆದ. ಅವನು ಹೊರಟಾಗ ಮಗು ಉಸಿರಾಡುತ್ತಿರಲಿಲ್ಲ.

ಅವಳು ನೀರನ್ನು ಸಿಂಕಿಗೆ ಚೆಲ್ಲಿದಳು.

ಸಂಜೆಯ ಹೊತ್ತಿಗೆ ಎಚ್ಚರವಾದ ಸಹಾಯಮೇರಿ ಮಗು ಎಲ್ಲಿ ಎಂದು ಕೇಳಲಿಲ್ಲ. ಪಂಕಜಾಳ ಮುಖ ನೋಡಿದವಳಿಗೆ ಅದು ತಿಳಿದುಹೋಗಿತ್ತು. “ಹಾಕಿದ್ರಾ ಸಿಸ್ಟರ್?” ಎಂದಷ್ಟೇ ಕೇಳಿದಳು.

“ಹಾಕ್ದೆ.”

ಆ ಒಂದು ಮಾತಿಗೆ ಸಹಾಯಮೇರಿಯ ಮುಖ ಸಡಿಲವಾದ ಬಗೆಯನ್ನು ಪಂಕಜಾ ಮರೆಯಲಾರಳು. ಮಾರನೆಯ ದಿನ ಅವರ ಊರಿನ ಚರ್ಚಿನ ಗುರುಗಳು ಬಂದರು. ನೀರು ತಲೆಯ ಮೇಲೆ ಹರಿಯಿತೇ, ಯಾವ ಮಾತು ಹೇಳಿದಿರಿ ಎಂದು ಮೆಲ್ಲಗೆ ವಿಚಾರಿಸಿದರು. ಪಂಕಜಾ ಒಂದಕ್ಷರ ತಪ್ಪದೆ ಹೇಳಿದಳು. ಅವರು ಕೈಮುಗಿದು, “ನಿಮಗೆ ಒಳ್ಳೇದಾಗಲಿ ತಾಯಿ” ಎಂದು ಹೋದರು. ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ತೆರೇಸಾಳ ಹೆಸರಿನ ಎದುರಿಗೆ, ಸ್ನಾನ ಕೊಟ್ಟವರ ಕಾಲಮಿನಲ್ಲಿ, ಪಂಕಜಾ ಎಂದು ಬರೆಯಲಾಯಿತು.

ಮೊದಮೊದಲು ಅವಳು ತನಗೇ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು: ಬಾಣಂತಿಯ ಜೀವ ಉಳಿಯಲೆಂದು ಹೇಳಿದ ಸುಳ್ಳು ಅದು, ಇನ್ನೆರಡು ವಾರಕ್ಕೆ ಅವರು ಯಾರೋ ನಾನು ಯಾರೋ. ಆದರೆ ಆ ನವೆಂಬರಿನಲ್ಲಿ ಚೌರಪ್ಪನೇ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದ. ಅಲ್ಲಿ ಅವನ ತಾಯಿ ಅರುಳಮ್ಮ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ನೀನಿಲ್ದಿದ್ರೆ ಏನ್ ಗತಿ ತಾಯಿ! ಅಗಾ ಅಲ್ಲಿ ಬೇಲಿ ಕಾಣ್ತದಾ? ನಮ್ ಕಾಲ್ದಾಗೆ ಸ್ನಾನ ಆಗ್ದೆ ಓದ ಕೂಸ್ನ ಬೇಲಿ ಆಚೆ ಲಂಟಾನಾ ಪೊದೆ ಒಳ್ಗೆ ಮಣ್ ಮಾಡೋರು. ನನ್ ಮೊದ್ಲ ಕೂಸು ಅಲ್ಲೇ ಅದೆ. ಎಲ್ಲಿ ಅಂತಾನೂ ಗೊತ್ತಿಲ್ಲ. ನಮ್ ತೆರೇಸಾ ಅಂಗಾಗ್ಲಿಲ್ಲ. ಒಳ್ಗೇ ಅವ್ಳೆ.”

ಆ ಮುದುಕಿಯ ಮಾತು ಪಂಕಜಾಳ ಬಾಯಿಗೆ ಬೀಗ ಹಾಕಿತು. ಈಗ ನಿಜ ಹೇಳಿದರೆ ಆ ಗೇಣುದ್ದದ ಸಮಾಧಿ ಬೇಲಿಯಾಚೆಗೆ ಹೋಗುತ್ತದೆಯೇನೋ ಎಂಬ ಭಯ. ಆ ಭಯದೊಳಗೆ ಒಂದು ಅನುಕೂಲವೂ ಇದ್ದುದನ್ನು ಅವಳು ಅರಿಯದವಳಲ್ಲ. ತಾನು ಸುಮ್ಮನಿರುವುದು ಮಗುವಿಗಾಗಿ ಎಂದು ಹೇಳಿಕೊಳ್ಳಬಹುದಿತ್ತು.

ವರ್ಷಗಳು ಕಳೆದವು. ಸಹಾಯಮೇರಿಗೆ ಎರಡನೆಯ ಮಗಳು ಸೆಲಿನ್ ಹುಟ್ಟಿದಳು. ‘ಸಿಸ್ಟರ್’ ಹೋಗಿ ‘ಅಕ್ಕ’ ಆಯಿತು. ಊರಿನವರು ‘ಜ್ಞಾನತಾಯಿ’ ಎನ್ನತೊಡಗಿದರು. ಜ್ಞಾನಸ್ನಾನದ ವೇಳೆ ಮಗುವಿನ ಹೊಣೆ ಹೊರುವ ಎರಡನೆಯ ತಾಯಿಗೆ ಅವರಲ್ಲಿ ಇರುವ ಹೆಸರು ಅದು. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಸಹಾಯಮೇರಿ, ಮಾಂಸ ಮುಟ್ಟದ ಪಂಕಜಾಳಿಗೆಂದೇ ಒಂದು ಬಾಣಲೆಯನ್ನು ಬೇರೆ ಮೊಳೆಗೆ ತೂಗುಹಾಕಿದ್ದಳು. ಬೇರೆ ಯಾವ ಅಡುಗೆಗೂ ಅದು ಇಳಿಯುತ್ತಿರಲಿಲ್ಲ. “ನಿಮ್ ಬಾಣ್ಲೆ ಅಕ್ಕ, ನಾನೂ ಮುಟ್ಟಲ್ಲ, ಇವರಪ್ಪಂಗೂ ಮುಟ್ಟೋಕೆ ಬಿಡಲ್ಲ” ಎಂದು ನಗುವಾಗ ಪಂಕಜಾ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ.

ಕಳೆದ ವರ್ಷ ಸೆಲಿನ್‌ಗೆ ಒಂಬತ್ತು ತುಂಬಿತು. ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಮೊದಲ ಸಲ ಸ್ವೀಕರಿಸುವ ಮುನ್ನ ಮಕ್ಕಳು ಭಾನುವಾರದ ಆ ಬಲಿಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿಗೆ ಕೂರಬೇಕು. ದಾಸರಹಳ್ಳಿಯ ಚರ್ಚಿನಲ್ಲಿ ಅದನ್ನು ನಡೆಸುತ್ತಿದ್ದವರು ಉಪದೇಶಿ ಇನ್ನಾಸಪ್ಪ. ಪೀಣ್ಯದ ಫೌಂಡ್ರಿಯಲ್ಲಿ ನಲವತ್ತು ವರ್ಷ ಎರಕ ಹೊಯ್ದು ನಿವೃತ್ತರಾದವರು. ದೊಡ್ಡ ದೊಡ್ಡ ಮಾತುಗಳನ್ನು ಕಾರ್ಖಾನೆಯ ಭಾಷೆಗೆ ಇಳಿಸುವುದೇ ಅವರ ಪಾಠದ ಕ್ರಮ. ಜನ್ಮಪಾಪವೆಂದರೆ, “ಅಚ್ಚಲ್ಲೇ ಬಿರುಕಿದ್ರೆ ಎರಕದ ಪ್ರತಿ ತುಂಡಲ್ಲೂ ಬರುತ್ತಲ್ಲ, ಅದು. ತುಂಡಿನ ತಪ್ಪಲ್ಲ, ಆದ್ರೂ ಬಿರುಕು ಬಿರುಕೇ.” ವರಪ್ರಸಾದವೆಂದರೆ, “ಓವರ್‌ಟೈಮ್ ಅಲ್ಲ ಮಕ್ಕಳೇ. ದುಡಿದು ತಗೊಳೋದಲ್ಲ. ಸುಮ್ನೆ ಕೊಡೋದು. ದೇವರು ಕೊಡೋದು.” ಇಂಥ ಮಾತುಗಳನ್ನು ಕೂಡಿಸಿ ಮೂವತ್ತೆರಡು ಪುಟದ ಒಂದು ಕಿರುಹೊತ್ತಿಗೆಯನ್ನೂ ಅವರು ಅಚ್ಚು ಹಾಕಿಸಿದ್ದರು.

ಜ್ಞಾನಸ್ನಾನದ ಪಾಠದ ದಿನ ಅವರು ಪಂಕಜಾಳನ್ನು ಕರೆಸಿದರು. ಇಪ್ಪತ್ತು ಮಕ್ಕಳ ಮುಂದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರು: “ಫ್ಯಾಕ್ಟರಿ ಗೋಡೆ ಮೇಲೆ ಕೆಂಪು ಸಿಲಿಂಡರ್ ನೇತಾಕಿರ್ತಾರಲ್ಲ, ಬೆಂಕಿ ಬಿದ್ದಾಗ ಸೇಫ್ಟಿ ಆಫೀಸರ್ ಬರ್ಲಿ ಅಂತ ಕಾಯ್ತೀರಾ?”

“ಇಲ್ಲಾ ಸಾರ್!”

“ಯಾರ ಕೈಗೆ ಸಿಗುತ್ತೋ ಅವ್ರೇ ಎಳೀಬೇಕು. ಹಾಗೇ ಜೀವ ಹೋಗ್ತಿರೋ ಮಗೂಗೆ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡ್ಬೋದು. ಬೇರೆ ಧರ್ಮದೋರೂ ಕೊಡ್ಬೋದು. ನೀರು, ಮಾತು, ಕೊಡ್ಬೇಕು ಅನ್ನೋ ಉದ್ದೇಶ, ಮೂರಿದ್ರೆ ಸಾಕು. ಇಗೋ, ಕೊಟ್ಟೋರು ಇಲ್ಲೇ ಕೂತಿದಾರೆ. ಏನ್ ಬೇಕೋ ಕೇಳಿ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕೈ ಎತ್ತಿದವಳು ಸೆಲಿನ್.

“ಆಂಟಿ, ನೀರು ತಣ್ಣಗಿತ್ತಾ? ನಮ್ಮಕ್ಕಂಗೆ ಚಳಿ ಆಯ್ತಾ?”

ಹತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮಣಿಕಟ್ಟಿನ ಮೇಲೆ ಬಿದ್ದ ಆ ಹನಿ ಪಂಕಜಾಳಿಗೆ ಮತ್ತೆ ತಾಗಿದಂತಾಯಿತು.

“ಬೆಚ್ಚಗಿತ್ತು ಪುಟ್ಟಾ. ಚಳಿ ಆಗ್ಲಿಲ್ಲ.”

ಸೆಲಿನ್ ತೃಪ್ತಿಯಿಂದ ಪಕ್ಕದವಳ ಕಡೆ ತಿರುಗಿ, “ನೋಡು, ಹೇಳ್ಲಿಲ್ವಾ?” ಎಂದಳು. ಬಹಳ ದಿನಗಳಿಂದ ಅವರಿಬ್ಬರ ನಡುವೆ ಈ ವಿಷಯ ಚರ್ಚೆಯಾಗಿತ್ತೆಂದು ತೋರಿತು.

ಇನ್ನಾಸಪ್ಪ ಒಂದು ಕಿರುಹೊತ್ತಿಗೆಯನ್ನು ಅವಳಿಗೂ ಕೊಟ್ಟರು. ಕೆಲಸಕ್ಕೆ ಹೋಗಿಬರುವ ಮೆಟ್ರೋದಲ್ಲಿ ಪಂಕಜಾ ಅದನ್ನು, ಯಾರಿಗೂ ಕಾಣದಂತೆ ಚೀಲದೊಳಗೇ ಬಿಡಿಸಿಕೊಂಡು ಓದಿದಳು. ನೀರು ಕೈಯಲ್ಲಿತ್ತು. ಮಾತು ಬಾಯಿಪಾಠವಾಗಿತ್ತು. ಉದ್ದೇಶವೂ ಇರಲಿಲ್ಲವೆನ್ನಲಾಗದು, ಇಲ್ಲದಿದ್ದರೆ ನೀರು ಬೆಚ್ಚಗಿದೆಯೇ ಎಂದು ನೋಡುತ್ತಿದ್ದಳೇಕೆ? ಮೂರೂ ಇದ್ದು ಒಂದಕ್ಕೊಂದು ಸೇರಲಿಲ್ಲ. ಪುಟ ತಿರುವಿದಾಗ ಪಾಪನಿವೇದನೆ ಎಂಬ ಮಾತು ಬಂತು. ಮನಸ್ಸು ಶೋಧಿಸಿಕೊಳ್ಳುವುದು, ಪಶ್ಚಾತ್ತಾಪ ಪಡುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಬಳಿ ಹೇಳಿಕೊಳ್ಳುವುದು, ಅವರು ವಿಧಿಸಿದ ಪ್ರಾಯಶ್ಚಿತ್ತ ಮಾಡುವುದು. ಅದರ ಕೆಳಗೆ ಇನ್ನಾಸಪ್ಪ ತಮ್ಮದೇ ಒಂದು ಸಾಲು ಸೇರಿಸಿದ್ದರು: ಕ್ಷಮೆ ಸಿಕ್ಕ ಮೇಲೂ ಕೆಡಿಸಿದ್ದನ್ನು ಸರಿಪಡಿಸುವ ಕೆಲಸ ಉಳಿದೇ ಇರುತ್ತದೆ.

ಮುಂದಿನ ಭಾನುವಾರ ಮಕ್ಕಳೆಲ್ಲ ಹೋದ ಮೇಲೆ ಅವಳು ತರಗತಿಯ ಬಾಗಿಲಲ್ಲಿ ನಿಂತಳು.

“ಸಾರ್, ಒಂದು ಅನುಮಾನ. ಸ್ನಾನ ಆಗ್ದೆ ಮಗು ಹೋಗ್ಬಿಟ್ರೆ? ತಾಯಿ ಆಸೆಪಟ್ಟು, ಆದ್ರೆ ಆಗ್ದೆ ಹೋದ್ರೆ?”

ಇನ್ನಾಸಪ್ಪ ಬೋರ್ಡು ಒರೆಸುತ್ತಿದ್ದರು. “ಹಿಂದೆ ಅದಕ್ಕೆ ಬೇರೆ ಜಾಗ ಅಂತಿದ್ರು, ಬೇಲಿ ಅಂತಿದ್ರು. ಪಾಪ, ಎಷ್ಟು ತಾಯಂದಿರು ಅತ್ತರೋ. ಈಗ ಧರ್ಮಸಭೆ ಅಂಥ ಮಕ್ಕಳನ್ನ ದೇವರ ಕರುಣೆಗೇ ಒಪ್ಪಿಸುತ್ತೆ. ಮಣ್ಣೂ ಒಳಗೇ, ಪ್ರಾರ್ಥನೆಯೂ ಉಂಟು. ಮಗುವಿನ ಚಿಂತೆ ನಮಗೆ ಬೇಡ ತಾಯಿ. ಅದನ್ನ ನೋಡ್ಕೊಳೋನು ಬೇರೆ ಇದಾನೆ.”

ಈ ಮಾತು ಕೇಳಿ ಅವಳಿಗೆ ಹಗುರವಾಗಬೇಕಿತ್ತು. ಹಾಗಾಗಲಿಲ್ಲ. ಹತ್ತು ವರ್ಷ ಮಗುವನ್ನು ಅಡ್ಡ ಹಿಡಿದು ನಿಂತಿದ್ದಳು. ಈಗ ಮಗು ತನ್ನ ಪಾಡಿಗೆ ತಾನು ಹೋಗಿಬಿಟ್ಟಿತು. ಎದುರಿಗೆ ಉಳಿದದ್ದು ಒಂದು ನಗೆಗೆ ಹೆದರಿ ಬಟ್ಟಲು ಕೆಳಗಿಟ್ಟ ಹೆಂಗಸು, ಆಮೇಲೆ ಆ ಬಟ್ಟಲಿನ ಮರ್ಯಾದೆಯನ್ನೆಲ್ಲ ತಾನೇ ಉಂಡ ಹೆಂಗಸು.

“ಹಾಗಾದ್ರೆ, ಕೊಟ್ಟೆ ಅಂತ ಸುಳ್ಳು ಹೇಳ್ದೋರು?”

ಡಸ್ಟರ್ ಹಿಡಿದ ಕೈ ನಿಂತಿತು. ಇನ್ನಾಸಪ್ಪ ತಿರುಗಿ ನೋಡಲಿಲ್ಲ.

“ಯಾರು ಅಂತ ನಾನು ಕೇಳಲ್ಲ,” ಎಂದರು. “ನಮ್ಮೋರಾದ್ರೆ ಪಾಪನಿವೇದನೆಗೆ ಹೋಗಿ ಅಂತಿದ್ದೆ. ಅಲ್ಲೂ ಗುರುಗಳು, ಹೋಗಿ ಆ ತಾಯಿಗೆ ಹೇಳು ಅಂತಾನೇ ಅನ್ನೋರು. ನಮ್ಮೋರಲ್ದಿದ್ರೆ ಸುತ್ತುದಾರಿ ಇಲ್ಲ ನೋಡಿ. ನೇರ ಆ ಮನೆ ಬಾಗಿಲೇ.”

ಆ ಬಾಗಿಲಿಗೆ ಹೋಗಲು ಅವಳಿಗೆ ಇನ್ನೂ ಐದು ವಾರ ಹಿಡಿಯಿತು. ಹೋದದ್ದು ಸೆಪ್ಟೆಂಬರಿನ ಒಂದು ಭಾನುವಾರ, ಹನ್ನೊಂದು ಗಂಟೆಗೆ. ಸಹಾಯಮೇರಿ ಬೀನ್ಸ್ ಹೆಚ್ಚುತ್ತಿದ್ದಳು. ಸೆಲಿನ್ ವರಾಂಡದಲ್ಲಿ ಚಿತ್ರ ಬರೆಯುತ್ತಿದ್ದಳು. ಪಂಕಜಾ ಕುಳಿತುಕೊಳ್ಳದೆ, ಅಡುಗೆಮನೆಯ ಬಾಗಿಲಿಗೆ ಒರಗಿ, ಹೇಳಿದಳು. ತೀರ ಕಡಿಮೆ ಮಾತಿನಲ್ಲಿ ಮುಗಿದುಹೋಯಿತು. ಅಷ್ಟು ಚಿಕ್ಕದಿತ್ತೇ ಅದು ಎಂದು ಅವಳಿಗೇ ಅಚ್ಚರಿ.

ಚಾಕು ನಿಂತಿತು. ಸಹಾಯಮೇರಿ ಕೇಳಿದಳು.

“ನೀರು ತಗೊಂಡಿದ್ರಾ?”

“ತಗೊಂಡಿದ್ದೆ.”

“ಎಲ್ಲಿಟ್ರಿ?”

“ತಕ್ಕಡಿ ಪಕ್ಕ.”

“ಅವ್ಳಿಂದ ಎಷ್ಟು ದೂರ?”

ಪಂಕಜಾ ಕೈ ಚಾಚಿ ತೋರಿಸಿದಳು. ಒಂದು ಮೊಳವೂ ಇರಲಿಲ್ಲ.

“ಯಾಕಕ್ಕಾ?”

“ನಾಚ್ಕೆ ಆಯ್ತು. ಡಾಕ್ಟ್ರು ನಕ್ರು.”

ಜಾತಿ, ದೇವರು, ಮನೆಯವರ ಭಯ ಎಂದು ಏನಾದರೂ ಹೇಳಬಹುದಿತ್ತು. ಅವು ಸ್ವಲ್ಪ ಗೌರವದ ಕಾರಣಗಳು. ಬಾಯಿಗೆ ಬಂದದ್ದು ಇಷ್ಟೇ, ಏಕೆಂದರೆ ನಡೆದದ್ದೂ ಇಷ್ಟೇ.

ಸಹಾಯಮೇರಿ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಪ್ರತಿ ವರ್ಷ ಬತ್ತಿ ಹಚ್ಚಿದ್ರಲ್ಲ. ಆವಾಗ್ಲೂ ನಾಚ್ಕೆ ಆಗ್ತಿತ್ತಾ?”

“ಆಗ್ತಿತ್ತು.”

“ಆದ್ರೂ ಹಚ್ಚಿದ್ರಿ.”

ಅಷ್ಟರಲ್ಲಿ ಸೆಲಿನ್ ಒಳಗೆ ಓಡಿಬಂದು ಮೊಳೆಯ ಕಡೆ ಕೈ ಚಾಚಿದಳು. “ಅಮ್ಮಾ, ಆಂಟಿ ಬಾಣ್ಲೆ ಇಳಿಸ್ಲಾ?”

“ಬೇಡ,” ಎಂದಳು ಸಹಾಯಮೇರಿ. “ಆಂಟಿ ಹೊರಟ್ರು.”

ಮೆಟ್ಟಿಲಿಳಿಯುವಾಗ ಪಂಕಜಾ ಅಳಲಿಲ್ಲ. ತಾನು ಅತ್ತರೆ ಅದೂ ಒಂದು ಬಗೆಯ ಬೇಡಿಕೆಯಾಗುತ್ತದೆ ಎನ್ನಿಸಿ ಹಲ್ಲು ಕಚ್ಚಿದ್ದಳು. ಮರುವಾರ ರಜೆ ಹಾಕಿ ಎರಡು ಬಸ್ಸು ಬದಲಿಸಿ ಜಿಗಣಿಯಾಚೆಗಿನ ಆ ಚರ್ಚಿಗೆ ಹೋದಳು. ಈಗ ಅಲ್ಲಿದ್ದವರು ಹೊಸ ಗುರುಗಳು. ಅವರು ಹಳೆಯ ಪುಸ್ತಕ ತೆಗೆದು, ಅವಳ ಮಾತು ಕೇಳಿ, ಸಾಲನ್ನು ಹೊಡೆದುಹಾಕದೆ ಅಂಚಿನಲ್ಲಿ ಒಂದು ಟಿಪ್ಪಣಿ ಬರೆದು ಅವಳ ಸಹಿ ಹಾಕಿಸಿಕೊಂಡರು. ಹಿಂದೆ ತಂದೆಯ ಸೀಲು ಬಿದ್ದ ಕಾಗದಗಳಲ್ಲಿ, ತಿರಸ್ಕೃತವಾದ ಬಿಡಿಭಾಗಕ್ಕೂ ಹೀಗೆ ಸಹಿ ಇರುತ್ತಿದ್ದುದು ಅವಳಿಗೆ ನೆನಪಾಯಿತು.

ಆ ನವೆಂಬರ್ ಎರಡರಂದು ಅವಳನ್ನು ಯಾರೂ ಕರೆಯಲಿಲ್ಲ. ಅವಳೂ ಹೋಗಲಿಲ್ಲ. ಡ್ಯೂಟಿಯಲ್ಲಿದ್ದಳು; ಅಂದು ಎರಡು ಹೆರಿಗೆಯಾದವು, ಎರಡೂ ಮಕ್ಕಳು ಗಟ್ಟಿಯಾಗಿ ಅತ್ತವು.

ಅದಾದ ವಾರಕ್ಕೆ ಫೋನು ಬಂತು. ಸಹಾಯಮೇರಿ ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

“ನಂಗೆ ಹೇಳಿದ್ರಿ. ಪುಸ್ತಕದಲ್ಲೂ ಬರೆಸಿದ್ರಂತೆ. ಕ್ಲಾಸಲ್ಲಿ ಅಷ್ಟು ಮಕ್ಕಳ ಮುಂದೆ ಹೇಳಿದ್ರಲ್ಲ, ಅವರಿಗೆ ಯಾರು ಹೇಳೋರು? ನಮ್ ಸೆಲಿನ್‌ಗೆ ಯಾರು ಹೇಳೋರು? ನಾನು ಹೇಳಲ್ಲ.”

ಭಾನುವಾರ ಪಂಕಜಾ ಹೋದಳು. ಇನ್ನಾಸಪ್ಪ ಅವಳಿಗೆ ಅದೇ ಕುರ್ಚಿ ಹಾಕಿದರು, ಅವಳು ಕೂರಲಿಲ್ಲ. ಹಿಂದಿನ ಬಾಗಿಲಲ್ಲಿ ಸಹಾಯಮೇರಿ ಸೆರಗು ಹೊದ್ದು ನಿಂತಿದ್ದಳು. ಇಪ್ಪತ್ತು ಮಕ್ಕಳ ಕಣ್ಣು ತನ್ನ ಮೇಲಿದ್ದಾಗ ಪಂಕಜಾಳಿಗೆ ಅಂದಿನ ಥಿಯೇಟರು ಕಣ್ಣಿಗೆ ಕಟ್ಟಿತು. ಅಲ್ಲಿ ನೋಡುತ್ತಿದ್ದವರು ಇಬ್ಬರೇ.

“ಜೀವ ಹೋಗ್ತಿರೋ ಮಗೂಗೆ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡ್ಬೋದು ಅಂತ ಸಾರ್ ಹೇಳಿದ್ರಲ್ಲ, ಅದು ನಿಜ,” ಎಂದಳು. “ನಾನು ಕೊಟ್ಟೆ ಅಂದಿದ್ದು ಸುಳ್ಳು. ನಾನು ಕೊಡ್ಲಿಲ್ಲ. ಒಬ್ರು ನಕ್ರು ಅಂತ ಬಿಟ್ಬಿಟ್ಟೆ. ಆಮೇಲೆ ಕೊಟ್ಟೆ ಅಂದೆ.”

ಯಾರೋ ಹಿಂದೆ ಕೆಮ್ಮಿದರು. ಒಬ್ಬಳು ಹುಡುಗಿ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಪಂಕಜಾಳ ಮುಖಕ್ಕೆ ಮತ್ತೆ ರಕ್ತ ನುಗ್ಗಿತು. ಈ ಸಲ ಅವಳು ಅಲ್ಲೇ ನಿಂತಿದ್ದಳು.

ಸೆಲಿನ್ ಕೈ ಎತ್ತಿದಳು. ಕಣ್ಣು ತುಂಬಿತ್ತು, ಗದ್ದ ಮುಂದೆ ಬಂದಿತ್ತು.

“ನೀರು ಬೆಚ್ಚಗಿತ್ತು ಅಂದ್ರಲ್ಲ. ಅದೂ ಸುಳ್ಳಾ?”

“ಅದು ಸುಳ್ಳಲ್ಲ ಪುಟ್ಟಾ. ಬೆಚ್ಚಗೇ ಇತ್ತು. ನಾನೇ ನೋಡಿದ್ದೆ. ಬಟ್ಟಲಲ್ಲೇ ತಣ್ಣಗಾಯ್ತು.”

ಸೆಲಿನ್ ಕೈ ಇಳಿಸಿ ಪುಸ್ತಕದ ಕಡೆ ನೋಡಿದಳು. ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡು ಅಂದಿನ ಪಾಠ ತೆಗೆದರು. ಪಶ್ಚಾತ್ತಾಪದ ಪಾಠ ಮುಂದಿನ ವಾರಕ್ಕಿತ್ತು. ಅಂದಿನದು ಪರಲೋಕ ಪ್ರಾರ್ಥನೆ. ಅವರು ಕ್ರಮ ತಪ್ಪಿಸಲಿಲ್ಲ.

ಪಂಕಜಾ ಗೇಟಿನವರೆಗೆ ಒಬ್ಬಳೇ ಬಂದಳು. ಹಿಂದಿನಿಂದ ಚಪ್ಪಲಿಯ ಸದ್ದು. ಸಹಾಯಮೇರಿ ಅವಳ ಪಕ್ಕಕ್ಕೆ ಬಂದು, ಮುಖ ನೋಡದೆ, ರಸ್ತೆಯ ಕಡೆಗೇ ನೋಡುತ್ತ ನಿಂತಳು. ಲಾರಿಯೊಂದು ಧೂಳೆಬ್ಬಿಸಿ ಹೋಯಿತು.

“ಬಸ್ ಸ್ಟಾಪ್‌ವರೆಗೂ ಬರ್ತೀನಿ, ನಡೀರಿ ಸಿಸ್ಟರ್,” ಎಂದಳು.

ಅಕ್ಕ ಎನ್ನಲಿಲ್ಲ. ಪಂಕಜಾ ತಲೆ ತಗ್ಗಿಸಿ, ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆದಳು.